ಬೊಚ್ಚಜ್ಜನ ಹಲ್ಲು

ನಮ್ಮ ಮನೆಯಲ್ಲಿ ಮುತ್ತಜ್ಜನನ್ನು ಎಲ್ಲರೂ ಬೊಚ್ಚಜ್ಜ ಎಂದೇ ಕರೆಯುತ್ತಿದ್ದರು. ಬೊಚ್ಚುಬಾಯಿಯ ಅಜ್ಜ ಎಂದರ್ಥ. ಆದರೆ ಅವನಿಗೆ ಸಾಯುವ ದಿನದವರೆಗೂ ಬಾಯಿ ತುಂಬ ಹಲ್ಲಿದ್ದವು. ಮೊಮ್ಮಕ್ಕಳನ್ನು ನಗಿಸಲು ಮರದ ಸ್ಟೂಲಿನ ಕಾಲನ್ನು ಹಲ್ಲಿನಲ್ಲಿ ಕಚ್ಚಿ ಮೇಲೆತ್ತುತ್ತಿದ್ದನಂತೆ. ಹಾಗಿದ್ದರೆ ಈ ಹೆಸರು ಯಾಕೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಅಪ್ಪ, ಕುಳ್ಳನನ್ನು ಉದ್ದಣ್ಣ ಅಂತ ಕರೆಯೋದಿಲ್ವಾ, ಹಾಗೆ, ಎಂದು ನನ್ನ ಬಾಯಿ ಮುಚ್ಚಿಸಿದ್ದ. ನಮ್ಮ ಮನೆತನದಲ್ಲಿ ಪ್ರಶ್ನೆ ಕೇಳಿದವರಿಗೆ ಮಾತು ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಈಗ ಉತ್ತರ ನನ್ನ ಹತ್ತಿರ ಇದೆ. ಇಲ್ಲದಿದ್ದರೇ ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮುಚ್ಚುಮರೆ ಇಲ್ಲದೆ ಮೊದಲೇ ಹೇಳಿಬಿಡುತ್ತೇನೆ. ಬೊಚ್ಚಜ್ಜ ಅನ್ನುವ ಅಡ್ಡಹೆಸರೊಂದೇ ಅವನ ಸ್ವಂತದ್ದು. ಮದುವೆಯ ಕಾಗದದಲ್ಲಿ, ಸಂಬಳದ ಚೀಟಿಗಳಲ್ಲಿ, ಸಮಾಧಿಯ ಕಲ್ಲಿನ ಮೇಲೆ ಇರುವ ಹೆಸರು ಅವನ ಅಣ್ಣನದು. ತಾಯಿ ತಂದೆ ಅವನಿಗೆಂದು ಇಟ್ಟ ಹೆಸರು ಇನ್ನೊಂದು ಪುಟ್ಟ ಕಲ್ಲಿನ ಮೇಲಿದೆ. ಎಂಟು ವರ್ಷದ ಹುಡುಗ ತೀರಿಕೊಂಡ ಎಂದು ಅದರಲ್ಲಿ ಕೆತ್ತಿದ್ದಾರೆ. ಆ ಕಲ್ಲಿನ ಕೆಳಗೆ ಮಲಗಿರುವವನು ಅಣ್ಣ. ಜಗತ್ತಿನಲ್ಲಿ ಒಬ್ಬರಾದರೂ ತನ್ನನ್ನು ತನ್ನ ಹೆಸರು ಹಿಡಿದು ಒಂದು ಸಲ ಕರೆಯಲಿ ಎಂದು ಆ ಮನುಷ್ಯ ಮುಕ್ಕಾಲು ಆಯುಷ್ಯ ಕಾದ.

ಇದೆಲ್ಲ ಹೊರಬಿದ್ದದ್ದು ಒಂದು ತಗಡಿನ ಟ್ರಂಕಿನಿಂದ. ಅದು ನನಗೆ ಬಂದದ್ದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ನಮ್ಮ ದೊಡ್ಡಪ್ಪನ ಮಗ ಮನೆ ಬದಲಿಸುವಾಗ ಅದನ್ನು ಗುಜರಿಗೆ ಹಾಕಲು ಹೊರಟಿದ್ದ. ಇದೇ ಪುಣ್ಯಾತ್ಮ ಅದಕ್ಕೂ ಮೊದಲು ವಂಶವೃಕ್ಷ ಎಂದು ಬಣ್ಣಬಣ್ಣದಲ್ಲಿ ಅಚ್ಚು ಹಾಕಿಸಿ ನೆಂಟರ ಮನೆಗಳಿಗೆಲ್ಲ ಹಂಚಿದ್ದ. ಅದರಲ್ಲಿ ಬೊಚ್ಚಜ್ಜ ಕಾಂಡ, ನಾವೆಲ್ಲ ಕೊಂಬೆ ರೆಂಬೆ. ಎಂಟು ವರ್ಷಕ್ಕೇ ಸತ್ತ ಅವನ ತಮ್ಮ ಮರದ ಕೆಳಗೆ ಬಿದ್ದಿರುವ ಒಂದು ಒಣ ಎಲೆ. ಚಿತ್ರ ನೋಡಿ ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಎಲೆಯೇ ಕಾಂಡವಾಗಿ ನಿಂತಿದೆ ಎಂದು ಯಾರಿಗೆ ಗೊತ್ತಿತ್ತು?

ಟ್ರಂಕಿನಲ್ಲಿ ಹೆಚ್ಚೇನೂ ಇರಲಿಲ್ಲ. ಇಬ್ಬರು ಹುಡುಗರ ಜನನದ ಕಾಗದ, ಚಿಕ್ಕವನ ಮರಣದ ಕಾಗದ, ಗಾಜಿನ ಕಾರ್ಖಾನೆಯ ಒಂದು ವಯಸ್ಸಿನ ಚೀಟಿ, ಒಂದು ಫೋಟೋ. ಇವನ್ನು ನಮ್ಮಪ್ಪ ನೋಡಿದ್ದ, ದೊಡ್ಡಪ್ಪ ನೋಡಿದ್ದ, ದೊಡ್ಡಪ್ಪನ ಮಗ ಭೂತಗನ್ನಡಿ ಹಿಡಿದು ನೋಡಿದ್ದ. ಅವರಿಗೆ ಕಾಣದ್ದು ನನಗೆ ಕಂಡದ್ದಕ್ಕೆ ನನ್ನ ಬುದ್ಧಿವಂತಿಕೆ ಕಾರಣವಲ್ಲ. ನಾನು ಮಕ್ಕಳ ಹಲ್ಲಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಕೆಲಸ ಬಿಡುವವರೆಗೂ ಡಾಕ್ಟರ ಪಕ್ಕದಲ್ಲಿ ನಿಂತು ಪರರ ಮಕ್ಕಳ ಬಾಯಿಗೆ ದೀಪ ಹಿಡಿದಿದ್ದೇನೆ. ಅವು ಕಚ್ಚಿದ ಬೆರಳು ಚಳಿ ಬಂದರೆ ಈಗಲೂ ನೋಯುತ್ತದೆ.

ವಯಸ್ಸಿನ ಚೀಟಿ ಎಂದರೆ ಏನೆಂದು ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಆ ಕಾಲದಲ್ಲಿ ಹನ್ನೆರಡು ತುಂಬದ ಹುಡುಗರನ್ನು ಕುಲುಮೆಯ ಹತ್ತಿರ ಕೆಲಸಕ್ಕೆ ಹಚ್ಚಬಾರದು ಎಂದು ಕಾನೂನು ಬಂದಿತ್ತು. ಹುಟ್ಟಿದ ಕಾಗದವನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ, ಬಡವರು ಅದನ್ನು ಕೊಡೆಯಂತೆ ಒಬ್ಬರಿಂದೊಬ್ಬರು ಎರವಲು ಪಡೆಯುತ್ತಿದ್ದರು. ಅದಕ್ಕಾಗಿ ಕಾರ್ಖಾನೆಯ ಡಾಕ್ಟರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿ ನೋಡುತ್ತಿದ್ದ. ದವಡೆಯಲ್ಲಿ ಹಾಲುಹಲ್ಲು ಉಳಿದಿದ್ದರೆ ಮನೆಗೆ ಕಳಿಸುವುದು, ಬಿದ್ದು ಹೊಸ ಹಲ್ಲು ಬಂದಿದ್ದರೆ ಒಳಗೆ ಬಿಡುವುದು. ಸಂತೆಯಲ್ಲಿ ದನದ ವಯಸ್ಸು ನೋಡುವುದೂ ಹೀಗೆಯೇ.

ಬೊಚ್ಚಜ್ಜನ ಚೀಟಿಯಲ್ಲಿ ಡಾಕ್ಟರು ಬರೆದದ್ದು ಇಷ್ಟು: ಹುಡುಗ ವಯಸ್ಸಿಗೆ ಕುಳ್ಳ. ಮೇಲೆ ಕೆಳಗೆ ಎರಡೂ ದವಡೆಗಳ ಬದಿಯ ಎಂಟು ಹಲ್ಲುಗಳೂ ಕೊಳೆತು ಹೋಗಿವೆ, ವಸಡು ಇನ್ನೂ ಹಸಿಯಾಗಿದೆ. ಹಿಂದಿನ ದೊಡ್ಡ ಹಲ್ಲು ಮೂಡಿಲ್ಲ. ತಾಯಿಯ ಮಾತು ಮತ್ತು ಜನನದ ಕಾಗದದ ಮೇಲೆ ಹನ್ನೆರಡು ವರ್ಷ ಎಂದು ಒಪ್ಪಲಾಗಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಡಾಕ್ಟರು. ಕಂಡದ್ದನ್ನೆಲ್ಲ ಸರಿಯಾಗಿಯೇ ಬರೆದು ಕೊನೆಗೆ ತನಗೆ ಬೇಕಾದ್ದನ್ನು ಒಪ್ಪಿದ. ಕುಲುಮೆಗೆ ಹುಡುಗರು ಬೇಕಾಗಿದ್ದರು.

ಫೋಟೋ ಇದಾಗಿ ಬಹಳ ವರ್ಷಗಳ ನಂತರದ್ದು. ಗಾಜು ಊದುವವರೆಲ್ಲ ಕಾರ್ಖಾನೆಯ ಅಂಗಳದಲ್ಲಿ ಕೋಲು ನುಂಗಿದವರಂತೆ ಕೂತಿದ್ದಾರೆ. ನಡುವೆ ಒಬ್ಬ ಮಾತ್ರ ಕಿವಿಯವರೆಗೆ ಬಾಯಿ ಬಿಟ್ಟು ನಗುತ್ತಿದ್ದಾನೆ. ಅವನೇ ನಮ್ಮ ಬೊಚ್ಚಜ್ಜ. ಮುಂದಿನದು, ಬದಿಯದು, ದವಡೆಯದು, ಒಂದೂ ಕಡಿಮೆ ಇಲ್ಲ. ಚೀಟಿ ಒಂದು ಕೈಯಲ್ಲಿ, ಫೋಟೋ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಾನು ಕಿಟಕಿಯ ಬೆಳಕಿಗೆ ಹೋದೆ. ಹನ್ನೆರಡರ ಹುಡುಗನಿಗೆ ಕೊಳೆತು ಹೋದ ದವಡೆ ಹಲ್ಲು ಮತ್ತೆ ಹುಟ್ಟುವುದಿಲ್ಲ. ಮತ್ತೆ ಹುಟ್ಟಿವೆ ಎಂದರೆ ಹೋದವು ಹಾಲುಹಲ್ಲುಗಳು. ಎಂಟಕ್ಕೆ ಎಂಟೂ ಒಟ್ಟಿಗೆ ಹೋಗಿ ವಸಡು ಹಸಿಯಾಗಿತ್ತು ಎಂದರೆ ಅವು ತಾವಾಗಿ ಬಿದ್ದವಲ್ಲ, ಯಾರೋ ಕಿತ್ತಿದ್ದಾರೆ.

ಆಮೇಲೆ ಕಾಗದಗಳ ತಾರೀಖು ನೋಡಿದೆ. ಚಿಕ್ಕವನ ಮರಣದ ಕಾಗದ ಮತ್ತು ದೊಡ್ಡವನ ವಯಸ್ಸಿನ ಚೀಟಿ ಒಂದೇ ವಾರದವು. ಮಾರನೆಯ ದಿನವೇ ಬಸ್ಸು ಹತ್ತಿ ಕಾರ್ಖಾನೆ ಇದ್ದ ಊರಿನ ಸ್ಮಶಾನಕ್ಕೆ ಹೋದೆ. ಮಕ್ಕಳ ಸಾಲಿನಲ್ಲಿ ಆ ಪುಟ್ಟ ಕಲ್ಲು ಈಗಲೂ ಇದೆ. ಅಲ್ಲಿನ ಗುಂಡಿಗಳಿಗೆಲ್ಲ ಸುತ್ತಲೂ ಇಟ್ಟಿಗೆಯ ಅಂಚು ಕಟ್ಟಿದ್ದಾರೆ. ಅಕ್ಕಪಕ್ಕದವು ನನ್ನ ಕೊಡೆಯನ್ನು ನೆಲದ ಮೇಲೆ ಉದ್ದಕ್ಕೆ ಇಟ್ಟರೆ ಅಳತೆಗೆ ಸರಿಹೋಗುತ್ತವೆ. ಇದು ಮಾತ್ರ ಕೊಡೆಯನ್ನು ದಾಟಿ, ಸಾಲನ್ನು ದಾಟಿ, ನಡೆಯುವ ದಾರಿಗೇ ಕಾಲು ಚಾಚಿದೆ. ಎಂಟು ವರ್ಷದ ಮಗುವಿಗೆ ಅಷ್ಟು ಉದ್ದ ಬೇಕಿಲ್ಲ. ಗುಂಡಿ ತೋಡಿದವನು ಹೆಣ ನೋಡಿ ತೋಡಿದ್ದಾನೆ, ಹೆಸರು ಕೇಳಿ ತೋಡಿಲ್ಲ.

ಉಳಿದದ್ದನ್ನು ನಮ್ಮ ಸೋದರತ್ತೆಯ ಬಾಯಿಂದ ಕೇಳಿದೆ. ಬೊಚ್ಚಜ್ಜನನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅತ್ತೆ ಒಬ್ಬರೇ. ತೊಂಬತ್ತು ದಾಟಿದೆ, ಒಂದು ಕಿವಿ ಕೇಳುವುದಿಲ್ಲ, ನಾಲಿಗೆ ಮಾತ್ರ ಕತ್ತರಿಯಂತಿದೆ. ಅಜ್ಜ ಸತ್ತಾಗ ಅವರು ಇನ್ನೂ ಹುಡುಗಿ. ಆದರೆ ಅವರ ತಾಯಿ, ಎಂದರೆ ನನ್ನ ಅಜ್ಜಿ, ಬೊಚ್ಚಜ್ಜನ ಸೊಸೆಯಾಗಿ ಆ ಮನೆಯಲ್ಲಿ ಬಾಳಿದವಳು. ಕಂಡದ್ದನ್ನೆಲ್ಲ ಮಗಳಿಗೆ ಹೇಳಿದ್ದಳು. ಕೆಳಗೆ ಬರೆಯುವುದರಲ್ಲಿ ಕಾಗದದಿಂದ ಬಂದದ್ದಿದೆ, ಅತ್ತೆಯಿಂದ ಬಂದದ್ದಿದೆ, ಮಕ್ಕಳ ಬಾಯಿ ನೋಡಿ ನೋಡಿ ನಾನೇ ಊಹಿಸಿದ್ದೂ ಇದೆ. ಬಿಡಿಸಿ ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿಲ್ಲ.

ಆ ಇಬ್ಬರು ಹುಡುಗರ ತಂದೆ ಬೇರೊಂದು ಊರಿನಲ್ಲಿ ಗಾಜು ಊದುವವನಾಗಿದ್ದ. ಗಾಜು ಊದುವವರು ಹೆಚ್ಚು ಕಾಲ ಬಾಳುವುದಿಲ್ಲ. ಇವನೂ ಎದೆ ಕೆಟ್ಟು, ಕೆಮ್ಮಿ ಕೆಮ್ಮಿ ಸತ್ತ. ಗಂಡ ಸತ್ತ ತಿಂಗಳೊಳಗೆ ಮನೆ ಬಿಡಬೇಕಾಯಿತು. ಹೆಂಡತಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಈ ಊರಿನ ಕಾರ್ಖಾನೆಗೆ ಬಂದಳು. ಇಲ್ಲಿ ಅವಳಿಗೆ ಸೀಸೆಗಳಿಗೆ ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ ಸಿಗುವುದಿತ್ತು. ಆದರೆ ಹೆಂಗಸಿನ ದುಡಿಮೆಯ ಮೇಲೆ ಮನೆ ಕೊಡುವ ಪದ್ಧತಿ ಇರಲಿಲ್ಲ. ಕಾರ್ಖಾನೆಯ ವಠಾರದಲ್ಲಿ ಕೋಣೆ ಬೇಕಾದರೆ ಮನೆಯಿಂದ ಒಬ್ಬನಾದರೂ ಕುಲುಮೆಗೆ ಬರಬೇಕು. ಅವಳಿಗೆ ಕೋಣೆ ಕೊಟ್ಟದ್ದು ಹನ್ನೆರಡು ತುಂಬಿದ ದೊಡ್ಡ ಮಗನ ಮುಖ ನೋಡಿ, ಅದೂ ಡಾಕ್ಟರು ಒಪ್ಪಿದರೆ ಎಂಬ ಮಾತಿನ ಮೇಲೆ.

ಬರುವ ದಾರಿಯಲ್ಲೇ ದೊಡ್ಡವನಿಗೆ ಜ್ವರ ಹತ್ತಿತ್ತು. ವಠಾರದವರು ಅವನನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಗಾಡಿಯಿಂದ ಕಂಬಳಿಯಲ್ಲಿ ಸುತ್ತಿ ಇಳಿಸಿದ್ದು, ಕೋಣೆಯ ಮೂಲೆಯಲ್ಲಿ ಮಲಗಿಸಿದ್ದು, ಅಷ್ಟೇ. ಕೋಣೆಗೆ ಒಂದೇ ಕಿಟಕಿ, ಅದರ ಎದುರಿಗೆ ಕಾರ್ಖಾನೆಯ ಗೋಡೆ. ಇನ್ನೂ ಗಂಟುಮೂಟೆ ಬಿಚ್ಚಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ ಹುಡುಗ ಏಳಲಿಲ್ಲ.

ಆ ಬೆಳಿಗ್ಗೆ ತಾಯಿ ಅತ್ತಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅತ್ತರೂ ಬೇಗ ಮುಗಿಸಿರಬೇಕು. ದೊಡ್ಡವನು ಸತ್ತ ಎಂದರೆ ಕೋಣೆ ಹೋಯಿತು, ಕೋಣೆ ಹೋದರೆ ಹುಲ್ಲು ಸುತ್ತುವ ಕೆಲಸ ಹೋಯಿತು, ಎಂಟು ವರ್ಷದ ಮಗುವನ್ನು ಕಟ್ಟಿಕೊಂಡು ಬೀದಿಗೆ ಬೀಳಬೇಕು. ಚಳಿ ಶುರುವಾಗಿತ್ತು. ಮರಣ ಬರೆಯುವ ಗುಮಾಸ್ತ ಬಾಗಿಲಲ್ಲಿ ನಿಂತು, ಯಾರು ಹೋಗಿದ್ದು, ಎಂದು ಕೇಳಿದ. ಅವಳು ಹೇಳಿದ್ದು ಎರಡೇ ಮಾತು.

"ಚಿಕ್ಕವನು ಹೋದ."

ಚಿಕ್ಕವನು ಅವಳ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದ. ಗುಮಾಸ್ತ ಅವನ ಕಡೆ ನೋಡಿರಬಹುದು, ನೋಡದೆಯೂ ಇರಬಹುದು. ಹೆಸರು ಕೇಳಿದ, ಬರೆದುಕೊಂಡ, ಮುಂದಿನ ಮನೆಗೆ ಹೋದ. ತಾನು ಸತ್ತೆ ಎಂದು ಬರೆಯುವುದನ್ನು ಆ ಮಗು ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿತು. ಇದನ್ನು ಬರೆಯುವಾಗ ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬರುತ್ತದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡರೆ ಇನ್ನೂ ಸಿಟ್ಟು ಬರುತ್ತದೆ.

ಇನ್ನು ಡಾಕ್ಟರು ಬರುವುದಕ್ಕೆ ಮೂರೋ ನಾಲ್ಕೋ ದಿನ ಉಳಿದಿತ್ತು. ಹಾಲುಹಲ್ಲಿನ ವಿಷಯ ವಠಾರದ ಹೆಂಗಸರಿಗೆಲ್ಲ ಗೊತ್ತಿತ್ತು, ನಲ್ಲಿಯ ಹತ್ತಿರ ಅದೇ ಮಾತು. ಡಾಕ್ಟರು ಮುಖ ನೋಡೋದಿಲ್ಲ, ದವಡೆ ನೋಡ್ತಾನೆ. ಹಲ್ಲೇ ಇಲ್ಲದಿದ್ದರೆ ಅವನು ಏನು ಲೆಕ್ಕ ಹಾಕ್ತಾನೆ? ಹತ್ತರ ಹುಡುಗರಿಗೆ ಅಲ್ಲಾಡುವ ಒಂದೆರಡು ಹಲ್ಲು ಕಿತ್ತು ಕಳಿಸುವುದು ಅಲ್ಲಿ ನಡೆಯುತ್ತಿದ್ದ ಸಂಗತಿ. ಎಂಟರ ಹುಡುಗನಿಗೆ ಒಂದೂ ಅಲ್ಲಾಡುತ್ತಿರಲಿಲ್ಲ. ಆ ವಯಸ್ಸಿನಲ್ಲಿ ದವಡೆಯ ಹಾಲುಹಲ್ಲಿನ ಬೇರು ಎಷ್ಟು ಗಟ್ಟಿ ಎಂದು ನನಗೆ ಗೊತ್ತು. ನಮ್ಮ ಆಸ್ಪತ್ರೆಯಲ್ಲಿ ಮರಗಟ್ಟಿಸುವ ಸೂಜಿ ಹಾಕಿ ಒಂದನ್ನು ಕೀಳಬೇಕಾದರೂ ಮಗುವಿನ ತಲೆಯನ್ನು ನಾನು ಎದೆಗೆ ಒತ್ತಿ ಹಿಡಿಯಬೇಕಾಗುತ್ತಿತ್ತು.

ತಾಯಿ ಎಲ್ಲಿಂದಲೋ ಒಂದು ಇಕ್ಕಳ ತಂದಳು. ಹುಡುಗನ ಬಾಯಿಗೆ ಬಟ್ಟೆ ತುರುಕಿ, ಅವನ ಕೈಗಳ ಮೇಲೆ ತನ್ನ ಮೊಣಕಾಲಿಟ್ಟು, ಒಂದು ಬೆಳಿಗ್ಗೆ ಮೇಲಿನವು, ಮಾರನೆಯ ಬೆಳಿಗ್ಗೆ ಕೆಳಗಿನವು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಆ ಎರಡು ಬೆಳಿಗ್ಗೆ ಉಪ್ಪುನೀರೂ ತಾಯಿಯೂ ಬಿಟ್ಟರೆ ಅವನಿಗೆ ಬೇರೇನೂ ಇರಲಿಲ್ಲ.

ಡಾಕ್ಟರು ಒಪ್ಪಿದ. ಹುಡುಗ ಅಣ್ಣನ ಹೆಸರಿನಲ್ಲಿ, ಅಣ್ಣನ ಅಂಗಿಯ ತೋಳು ಮಡಿಸಿಕೊಂಡು ಕುಲುಮೆಗೆ ಹೋದ. ಊದುವವನು ಕೊಳವೆಯ ತುದಿಯಿಂದ ಸೀಸೆ ಬಿಡಿಸಿದ ಕೂಡಲೇ ಅದನ್ನು ಕವಲುಕೋಲಿನ ಮೇಲೆ ಹೊತ್ತು, ನಿಧಾನವಾಗಿ ಆರಿಸುವ ಒಲೆಯವರೆಗೆ ಓಡುವುದು ಅವನ ಕೆಲಸ. ನಿಧಾನ ಮಾಡಿದರೆ ಸೀಸೆ ಸೀಳುತ್ತದೆ, ಓಡಿದರೆ ಬೀಳುತ್ತದೆ. ನೆಲದ ತುಂಬ ಗಾಜಿನ ಚೂರು, ಎದುರಿಗೆ ಉರಿ, ಬೆನ್ನಿಗೆ ಬಾಗಿಲ ಗಾಳಿ. ದೊಡ್ಡ ಹುಡುಗರ ಸೊಂಟದೆತ್ತರ ಅವನು. ಊಟದ ಹೊತ್ತಿನಲ್ಲಿ ಬೇರೆಯವರು ಅಗಿಯುತ್ತಿದ್ದಾಗ ಅವನು ಗಂಜಿ ಕುಡಿಯುತ್ತಿದ್ದ. ಮೊದಲ ದಿನವೇ ಯಾರೋ ಬೊಚ್ಚ ಎಂದರು. ಸಂಜೆಯೊಳಗೆ ಇಡೀ ಕುಲುಮೆ ಬೊಚ್ಚ ಎಂದಿತು.

ಕೂಗುವುದಕ್ಕೆ ಬೇರೆ ಹೆಸರು ಸಿಕ್ಕಿದ್ದು ಒಂದು ರೀತಿಯಲ್ಲಿ ಉಪಕಾರವೇ ಆಯಿತು. ಯಾಕೆಂದರೆ ಅಣ್ಣನ ಹೆಸರು ಹಿಡಿದು ಕರೆದರೆ ಅವನು ಓಗೊಡುವುದನ್ನು ಮರೆಯುತ್ತಿದ್ದ. ತನ್ನ ಹೆಸರಿಗೆ ಮಾತ್ರ ಮರೆಯುತ್ತಿರಲಿಲ್ಲ. ವಠಾರದಲ್ಲಿ ಅದೇ ಹೆಸರಿನ ಇನ್ನೊಬ್ಬ ಹುಡುಗನಿದ್ದ. ಅವನ ತಾಯಿ ಊಟಕ್ಕೆ ಕೂಗಿದಾಗ ಒಂದು ದಿನ ಇವನು ಬೀದಿಯ ಆ ತುದಿಯಿಂದ, ಬಂದೇ, ಎಂದುಬಿಟ್ಟ. ತಾಯಿ ಅವನನ್ನು ಒಳಗೆಳೆದು ಬಾಗಿಲು ಹಾಕಿ ಕೆನ್ನೆಗೆ ಬಾರಿಸಿದಳು. ಗಾಯ ಮಾಯದ ಕೆನ್ನೆ.

"ಅವನು ಸತ್ತ. ತಿಳೀತಾ? ಇನ್ನೊಂದ್ಸಲ ಓಗೊಟ್ರೆ ನಾವಿಬ್ರೂ ಬೀದೀಲಿ ಸಾಯ್ತೀವಿ."

ಈ ಪೆಟ್ಟಿನ ವಿಷಯ ಬೊಚ್ಚಜ್ಜನೇ ಎಷ್ಟೋ ವರ್ಷಗಳ ಮೇಲೆ ಸೊಸೆಯ ಹತ್ತಿರ ಹೇಳಿದ್ದ. ಬೀದಿಯಲ್ಲಿ ತಮ್ಮನ ಹೆಸರು ಕೂಗಿದಾಗ ನಾನು ಓಗೊಟ್ಟೆ, ಅಮ್ಮ ಹೊಡೆದಳು, ಎಂದಷ್ಟೇ. ಕೇಳಿದವರು, ಪಾಪ, ತಮ್ಮನ ಮೇಲೆ ಎಷ್ಟು ಪ್ರೀತಿ, ಎಂದು ಕಣ್ಣೊರೆಸಿಕೊಂಡರು. ನಮ್ಮ ಮನೆಯವರಿಗೆ ಕಣ್ಣೊರೆಸಿಕೊಳ್ಳುವುದು ಬಹಳ ಸುಲಭ. ತಮ್ಮನ ಹೆಸರಿಗೆ ಅಣ್ಣ ಯಾಕೆ ಓಗೊಟ್ಟ ಎಂದು ಒಬ್ಬರೂ ಕೇಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಹೊಸ ಹಲ್ಲು ಮೂಡತೊಡಗಿತು. ಬೇರೆ ಮಕ್ಕಳ ಮನೆಯಲ್ಲಿ ಅದು ನಗುವ ಸಂಗತಿ, ಈ ಮನೆಯಲ್ಲಿ ಭಯ. ಕಾಗದದ ಪ್ರಕಾರ ಹದಿನಾಲ್ಕು ತುಂಬಿದ ಹುಡುಗನಿಗೆ ಹಾಲುಹಲ್ಲಿನ ಜಾಗದಲ್ಲಿ ಈಗ ಹೊಸ ಹಲ್ಲು ಬಂದರೆ ಡಾಕ್ಟರಿಗಲ್ಲದಿದ್ದರೂ ಮೇಸ್ತ್ರಿಗೆ ಗೊತ್ತಾಗುತ್ತದೆ. ಸುಳ್ಳು ವಯಸ್ಸು ಹೇಳಿ ಸೇರಿದವರನ್ನು ಸಾಮಾನು ಸಮೇತ ಹೊರಗೆ ಹಾಕುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ಅವನ ಪಾಲಿಗೆ ಅಕ್ಷರಶಃ ನಿಜವಾಯಿತು. ತುಟಿ ತೆರೆಯದೆ ಮಾತಾಡುವುದು, ಅಂಗೈ ಅಡ್ಡ ಹಿಡಿದು ನಗುವುದು ಕಲಿತ. ಅವನು ಯಾರ ಸೀಸೆ ಹೊರುತ್ತಿದ್ದನೋ ಆ ಊದುವವನು ಒರಟು ಮನುಷ್ಯ, ಮಾತಿಗೊಂದು ಬೈಗುಳ. ಅವನು ಒಂದು ದಿನ ಹುಡುಗನ ಗದ್ದ ಹಿಡಿದೆತ್ತಿ ಬಾಯೊಳಗೆ ನೋಡಿದ. ನೋಡಿ, ಕೈ ಬಿಟ್ಟು, ಅಂದಿನಿಂದ ತನ್ನ ರೊಟ್ಟಿಯ ಗಟ್ಟಿ ಅಂಚನ್ನು ಅವನಿಗೆ ಕೊಡತೊಡಗಿದ. ಮೇಸ್ತ್ರಿಗೆ ಹೇಳಲಿಲ್ಲ. ಈ ಕಥೆಯಲ್ಲಿ ನನಗೆ ಇಷ್ಟವಾದ ಮನುಷ್ಯ ಇವನೊಬ್ಬನೇ.

ಹುಡುಗ ಬೆಳೆದ. ತಾನೇ ಊದುವವನಾದ. ಮದುವೆಯಾಯಿತು, ಮಕ್ಕಳಾದವು. ಒಂದು ಕೋಣೆ ಹೋಗಿ ವಠಾರದಲ್ಲೇ ಎರಡು ಕೋಣೆ ಸಿಕ್ಕಿತು. ಈಗಲಾದರೂ ನಿಜ ಹೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಹೇಳುವುದು ಯಾರಿಗೆ? ಕೋಣೆ ಇನ್ನೂ ಕಾರ್ಖಾನೆಯದ್ದೇ, ಸುಳ್ಳು ಸಿಕ್ಕಿಬಿದ್ದರೆ ಹೋಗುವುದೇ. ತಾಯಿ ಬದುಕಿದ್ದಳು, ಗುಮಾಸ್ತನ ಮುಂದೆ ಸುಳ್ಳು ಬರೆಸಿದವಳು ಅವಳು. ಹೆಂಡತಿ ಅಣ್ಣನ ಹೆಸರಿನವನ ಹೆಂಡತಿ, ಮಕ್ಕಳು ಅಣ್ಣನ ಹೆಸರಿನವನ ಮಕ್ಕಳು. ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ.

ರಜೆಯ ದಿನ ಸ್ಮಶಾನಕ್ಕೆ ಹೋಗಿ ಆ ಪುಟ್ಟ ಕಲ್ಲಿನ ಸುತ್ತ ಹುಲ್ಲು ಕೀಳುತ್ತಿದ್ದ. ಮಕ್ಕಳು ಜೊತೆಗೆ ಹೋದರೆ ಕಲ್ಲಿನ ಮೇಲಿನ ಹೆಸರನ್ನು ಓದಿ ಹೇಳು ಎನ್ನುತ್ತಿದ್ದನಂತೆ. ಅಕ್ಷರ ಕಲಿಯಲಿ ಎಂದು ಹೇಳಿಸುತ್ತಿದ್ದ ಎಂದು ಅತ್ತೆ ಇಷ್ಟು ವರ್ಷ ತಿಳಿದಿದ್ದರು. ಅವರೂ ಓದಿದ್ದಾರೆ. ಓದಿದಾಗ ಅಜ್ಜ, ಹೂಂ, ಎನ್ನುತ್ತಿದ್ದದ್ದು ಅವರಿಗೆ ನೆನಪಿದೆ.

ಕಲ್ಲು ಓದುವುದು ಬೇರೆ, ಬಾಯಾರೆ ಕರೆಯುವುದು ಬೇರೆ. ಅವನನ್ನು ನಿಜವಾಗಿ ಕರೆಯಬಲ್ಲ ಬಾಯಿ ಲೋಕದಲ್ಲಿ ಒಂದೇ ಇತ್ತು, ತಾಯಿಯದು. ಅವಳು ಅಣ್ಣನ ಹೆಸರಿನಿಂದ ಅವನನ್ನು ಮನೆಯೊಳಗೆ ಎಂದೂ ಕರೆಯಲಿಲ್ಲ, ಅಷ್ಟರಮಟ್ಟಿಗೆ ಅವಳಿಗೆ ಮನಸ್ಸಿತ್ತು. ಅವನ ಹೆಸರಿನಿಂದಲೂ ಕರೆಯಲಿಲ್ಲ, ಗೋಡೆಗೂ ಕಿವಿ ಇದೆ ಎಂದು. ಮಗಾ ಎನ್ನುತ್ತಿದ್ದಳು. ನನ್ನ ಅಜ್ಜಿ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ವಿಚಿತ್ರ ನೋಡುತ್ತಿದ್ದಳಂತೆ. ಕೆಲಸದಿಂದ ಬಂದ ಮಾವ ಮುದುಕಿಯ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಮ್ಮಾ, ಒಂದ್ಸಲ ಕರಿ, ಎನ್ನುವನು. ಮುದುಕಿ, ಏನಂತ, ಎನ್ನುವಳು. ನಿಂಗೊತ್ತಲ್ಲ, ಎನ್ನುವನು. ಅವಳು ಬಾಗಿಲ ಕಡೆ ನೋಡಿ, ಮಗಾ, ಎನ್ನುವಳು. ಅವನು ನಕ್ಕು ಎದ್ದು ಹೋಗುವನು. ತಾಯಿ ಮಗನ ಏನೋ ಹಳೆಯ ತಮಾಷೆ ಎಂದು ಅಜ್ಜಿಯೂ ನಗುತ್ತಿದ್ದಳು.

ಆಮೇಲೆ ಮುದುಕಿಗೆ ಮರೆವು ಬಂತು. ಒಲೆ ಹಚ್ಚಿದ್ದು ಮರೆತಳು, ಬೀದಿ ಮರೆತಳು, ಗಂಡ ಸತ್ತದ್ದು ಮರೆತಳು. ಮಗಾ ಎನ್ನುವುದನ್ನೂ ಮರೆತು ಒಂದು ದಿನ ಬೊಚ್ಚಜ್ಜನನ್ನು ದೊಡ್ಡ ಮಗನ ಹೆಸರು ಹಿಡಿದು ಕರೆದಳು. ಮನೆಯವರೆಲ್ಲ ಹಿಗ್ಗಿದರು. ಎಲ್ಲ ಮರೆತರೂ ಮಗನ ಹೆಸರು ಮರೆತಿಲ್ಲವಲ್ಲ ಎಂದು. ಬೊಚ್ಚಜ್ಜ ಆ ಹೊತ್ತು ಊಟ ಬೇಡ ಎಂದು ಎದ್ದುಹೋದ.

ಮುಂದಿನದು ನಮ್ಮ ಮನೆತನದ ಹೆಮ್ಮೆಯ ಕಥೆ. ತಾಯಿಯ ಸಮಾಧಾನಕ್ಕಾಗಿ ಬೊಚ್ಚಜ್ಜ ಸತ್ತ ತಮ್ಮನ ಹಾಗೆ ನಟಿಸಿದ ಎಂದು ಮದುವೆಮನೆಗಳಲ್ಲಿ ಹೇಳಿ ಮಕ್ಕಳಿಗೆ ಬುದ್ಧಿವಾದ ಮಾಡುತ್ತಾರೆ. ಅತ್ತೆ ಇದನ್ನು ನನಗೆ ಎರಡು ಸಲ ಹೇಳಿದರು. ಮೊದಲನೆಯ ಸಲ ನಗುನಗುತ್ತ ಹೇಳಿದರು. ನಾನು ಚೀಟಿಯನ್ನೂ ಫೋಟೋವನ್ನೂ ಅವರ ಮಡಿಲಲ್ಲಿಟ್ಟು ವಿಷಯ ತಿಳಿಸಿದ ಮೇಲೆ ಎರಡನೆಯ ಸಲ ಶುರುಮಾಡಿದರು, ಮುಗಿಸಲಾಗಲಿಲ್ಲ. "ಅವನು ಬಾಯ್ಬಿಟ್ಟು ಹೇಳಿದ್ನಲ್ಲೇ," ಎಂದರು. "ನಮ್ಮಮ್ಮ ಅಲ್ಲೇ ಕೂತಿದ್ಳು ಕಣೇ, ಕೇಳಿಸ್ಕೊಂಡ್ಳು." ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದನ್ನು ನಾನು ಮುಗಿಸುತ್ತೇನೆ.

ಒಂದು ಮಧ್ಯಾಹ್ನ. ಬೊಚ್ಚಜ್ಜ ಕೆಲಸದಿಂದ ಬಂದು ಕೈಕಾಲು ತೊಳೆದಿದ್ದ. ಅಜ್ಜಿ ಮೂಲೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಹಾಸಿಗೆಯಲ್ಲಿ ಮುದುಕಿ ಸಣ್ಣ ದನಿಯಲ್ಲಿ ಅಳುತ್ತಿದ್ದಳು. ಯಾಕಮ್ಮ ಎಂದು ಅವನು ಪಕ್ಕದಲ್ಲಿ ಕೂತ. ಅವಳು ಅವನ ತೋಳು ಹಿಡಿದುಕೊಂಡಳು.

"ದೊಡ್ಡೋನೇ, ನಿನ್ನ ತಮ್ಮನ ಹಲ್ಲೆಲ್ಲ ಕಿತ್ಬಿಟ್ಟೆ ಕಣೋ ನಾನು. ಬೇಡಮ್ಮ ಬೇಡಮ್ಮ ಅಂತಿತ್ತು ಮಗು. ಅದಕ್ಕೇ ಸತ್ತೋಯ್ತು."

ಕಿತ್ತದ್ದು ಅವಳಿಗೆ ನೆನಪಿತ್ತು. ಚಿಕ್ಕವನು ಸತ್ತ ಎಂದು ತಾನೇ ಹೇಳಿದ್ದೂ ನೆನಪಿತ್ತು. ಅದು ಸುಳ್ಳು ಎಂಬುದೊಂದೇ ಮರೆತುಹೋಗಿತ್ತು.

ಸೊಸೆ ಅಲ್ಲೇ ಇದ್ದಾಳೆಂಬುದನ್ನೂ ಲೆಕ್ಕಿಸದೆ ಬೊಚ್ಚಜ್ಜ ಹೇಳಿದ. "ಇಲ್ಲಮ್ಮ. ಅವನು ಸತ್ತಿಲ್ಲ. ಅವನು ನಾನೇ." ತನ್ನ ಹೆಸರನ್ನೂ ತಾನೇ ಹೇಳಿದ. ಬಾಯಿ ತೆರೆದು ಮುದುಕಿಯ ಬೆರಳನ್ನು ಹಿಡಿದು ಒಳಗೆ ದವಡೆಯ ಮೇಲಿಟ್ಟುಕೊಂಡ. ನೋಡು, ಎಲ್ಲ ಮತ್ತೆ ಬಂದಿವೆ ಎಂದು ತೋರಿಸಿದ.

ಮುದುಕಿ ಒಂದೊಂದೇ ಹಲ್ಲನ್ನು ಮುಟ್ಟಿ ನೋಡಿದಳು. ಕಿತ್ತವಳಿಗೆ ಜಾಗ ಗೊತ್ತಿತ್ತು. ಆಮೇಲೆ ಬೆರಳು ಹಿಂದಕ್ಕೆ ಎಳೆದುಕೊಂಡು ಮೊದಲಿಗಿಂತ ಜೋರಾಗಿ ಅತ್ತಳು.

"ನಿಂಗೆ ಹಲ್ಲು ಇದಾವಲ್ಲೋ. ನೀನು ದೊಡ್ಡೋನು. ಅವನ ಬಾಯಲ್ಲಿ ಒಂದೂ ಇರ್ಲಿಲ್ಲ. ಸತ್ತ ಮಗೂನ ಹೆಸರು ಯಾಕೆ ಎತ್ತೀಯ?"

ಮೂಲೆಯಲ್ಲಿ ಅಜ್ಜಿ ಬಟ್ಟೆ ಬಿಟ್ಟು ಕಣ್ಣೊರೆಸಿಕೊಂಡಳು. ತಾಯಿಯನ್ನು ಸಮಾಧಾನ ಮಾಡಲು ಮಾವ ಎಂಥ ಸುಳ್ಳು ಹೇಳುತ್ತಿದ್ದಾನೆ, ಎಂಥ ಮಗ, ಎಂದುಕೊಂಡಳು. ಆ ಮನುಷ್ಯ ಜೀವಮಾನದಲ್ಲಿ ಒಂದೇ ಸಲ ನಿಜ ಹೇಳಿದ. ಕೇಳಿದವರು ಇಬ್ಬರು.

ಬೊಚ್ಚಜ್ಜ ಅಂಗಿಯ ಚುಂಗಿನಿಂದ ತಾಯಿಯ ಬೆರಳು ಒರೆಸಿದ.

"ಹೌದಮ್ಮ, ನಾನು ದೊಡ್ಡೋನೇ. ಚಿಕ್ಕೋನು ಹೋಗೋ ಮುಂಚೆ ನನ್ನ ಹತ್ರ ಹೇಳಿದ್ದ. ಅಮ್ಮ ಕಿತ್ತಾಗ ನೋವೇ ಆಗ್ಲಿಲ್ಲ ಅಂದಿದ್ದ."

"ನಿಜವಾಗ್ಲೂ ಹಾಗಂದ್ನಾ?"

"ನಿಜವಾಗ್ಲೂ."

ಮುದುಕಿ ನಂಬಿದಳು.